ಸೂರ್ಯಾಸ್ತದ ಟೈಮ್‌ಲ್ಯಾಪ್ಸ್‌ನಲ್ಲಿ ಬೆಳಕು ಮಿಣುಕುತ್ತಿದೆ. ಎಲ್ಲ ಫ್ರೇಮ್‌ಗಳ ಸರಾಸರಿ ಒಂದೇ ಮಾಡಿದರೂ ಸರಿಹೋಗುತ್ತಿಲ್ಲ, ಏನು ಮಾಡಲಿ?

ನೀವು ಕೊಟ್ಟ ವಿವರ ಇಷ್ಟು: ತಾರಸಿಯಿಂದ 8 ಸೆಕೆಂಡಿಗೊಂದರಂತೆ 400 ಫೋಟೊ, ಅಪರ್ಚರ್ ಪ್ರಯಾರಿಟಿ (ಲೆನ್ಸಿನ ತೆರವು ನೀವು ಇಟ್ಟದ್ದು, ಷಟರ್ ಕ್ಯಾಮೆರಾ ಆರಿಸುವುದು), ಎಫ್ 8, ರಾ ಫೈಲು (ಸೆನ್ಸರಿನ ಕಚ್ಚಾ ಮಾಹಿತಿ). ಪೈಥಾನ್‌ನಲ್ಲಿ ಪ್ರತಿ ಫ್ರೇಮಿನ ಸರಾಸರಿಯನ್ನು ಮೊದಲ ಫ್ರೇಮಿಗೆ ಹೊಂದಿಸಿದ್ದೀರಿ. ಮಿಣುಕು ಪೂರ್ತಿ ಹೋಗಲಿಲ್ಲ. ಬೀದಿದೀಪ ಹೊತ್ತಿಕೊಂಡ ಮೇಲಂತೂ ಆಕಾಶ ಕಪ್ಪಿಟ್ಟಿತು.

ಆಕಾಶ ಕಪ್ಪಿಟ್ಟದ್ದು ಏಕೆಂದರೆ ದೀಪಗಳು ಸರಾಸರಿಯನ್ನು ಏರಿಸಿದವು, ನಿಮ್ಮ ಲೆಕ್ಕ ಅದನ್ನು ಇಳಿಸಲು ಇಡೀ ಫ್ರೇಮನ್ನೇ ಮಬ್ಬು ಮಾಡಿತು. ಸರಾಸರಿಯನ್ನು ಒಂದು ಸ್ಥಿರ ಸಂಖ್ಯೆಗೆ ಕಟ್ಟುವ ಕ್ರಮವನ್ನೇ ಬಿಡಿ. ನಿಧಾನವಾಗಿ ಬದಲಾಗುವುದು ಸಂಜೆಯ ಬೆಳಕು, ಅದನ್ನು ಮುಟ್ಟಬಾರದು. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಥಟ್ಟನೆ ಜಿಗಿಯುವುದು ಕ್ಯಾಮೆರಾದ ತಪ್ಪು, ತೆಗೆಯಬೇಕಾದದ್ದು ಅದನ್ನು ಮಾತ್ರ. ನಿಮ್ಮಲ್ಲಿ ಅಂಥ ತಪ್ಪು ಎರಡಿವೆ. ಎರಡಕ್ಕೂ ಔಷಧ ಬೇರೆ ಬೇರೆ.

ಮೊದಲನೆಯದು ಷಟರ್ ಮೆಟ್ಟಿಲು. ಬೆಳಕು ಇಳಿದಂತೆ ಕ್ಯಾಮೆರಾ 1/3 ಸ್ಟಾಪ್‌ನ ಮೆಟ್ಟಿಲಲ್ಲಿ ಷಟರ್ ಬದಲಿಸುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧ). ಒಂದು ಮೆಟ್ಟಿಲೆಂದರೆ ಬೆಳಕು ಒಮ್ಮೆಲೇ ಶೇ. 26ರಷ್ಟು ಹೆಚ್ಚು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುವುದರಿಂದ ಮುಸ್ಸಂಜೆ ಬೇಗ ಮುಗಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಸುಮಾರು ಮೂರು ನಿಮಿಷಕ್ಕೆ ಒಂದು ಸ್ಟಾಪ್ ಬೆಳಕು ಕಡಿಮೆಯಾಗುತ್ತದೆ, ಅಂದರೆ ನಿಮ್ಮಲ್ಲಿ ಏಳೆಂಟು ಫ್ರೇಮಿಗೊಂದು ಮೆಟ್ಟಿಲು. ಇದನ್ನು ಚಿತ್ರದಿಂದ ಅಳೆಯಬೇಕಿಲ್ಲ, ಫೋಟೊ ಫೈಲಿನೊಳಗೆ ಕ್ಯಾಮೆರಾ ಸೇರಿಸುವ ಮಾಹಿತಿಯಾದ ಎಕ್ಸಿಫ್‌ನಲ್ಲೇ ಬರೆದಿರುತ್ತದೆ. ಪ್ರತಿ ಫ್ರೇಮಿಗೂ ಷಟರ್ ಸಮಯವನ್ನು ಐಎಸ್ಓದಿಂದ (ಸೆನ್ಸರಿನ ಸಂವೇದನೆಯ ಸಂಖ್ಯೆ) ಗುಣಿಸಿ 2ರ ಆಧಾರದ ಲಾಗ್ ತೆಗೆಯಿರಿ. ಬರುವ ಸಾಲಿನ ಮೇಲೆ ಗಾಸಿಯನ್ ಸ್ಮೂದಿಂಗ್ (ಅಕ್ಕಪಕ್ಕದ ಬೆಲೆಗಳ ತೂಕದ ಸರಾಸರಿಯಿಂದ ಸಾಲನ್ನು ನುಣುಪಾಗಿಸುವುದು) ಹಾಕಿ, ಅದರ ಅಗಲ ಹೇಳುವ ಸಿಗ್ಮಾ 10 ಫ್ರೇಮ್ ಇರಲಿ. ನುಣುಪಾದ ಬೆಲೆಯಿಂದ ಮೂಲ ಬೆಲೆಯನ್ನು ಕಳೆದರೆ ಆ ಫ್ರೇಮಿಗೆ ಬೇಕಾದ ತಿದ್ದುಪಡಿ ಸ್ಟಾಪ್‌ಗಳಲ್ಲಿ ಸಿಗುತ್ತದೆ. ಮೋಡವಾಗಲಿ ದೀಪವಾಗಲಿ ಈ ಲೆಕ್ಕವನ್ನು ಕೆಡಿಸಲಾರದು.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಎಕ್ಸಿಫ್‌ನಲ್ಲಿ 1/60 ಎಂದಿದ್ದರೂ ಷಟರ್ ನಿಜಕ್ಕೂ ತೆರೆದಿರುವುದು 1/64 ಸೆಕೆಂಡು. 1/15 ಎಂದರೆ 1/16, 30 ಸೆಕೆಂಡು ಎಂದರೆ 32. ಬರೆದ ಸಂಖ್ಯೆಯನ್ನೇ ನಂಬಿದರೆ 0.09 ಸ್ಟಾಪ್, ಅಂದರೆ ಶೇ. 6ಕ್ಕೂ ಹೆಚ್ಚಿನ ತಪ್ಪು ನೀವೇ ಹೊಸದಾಗಿ ಸೇರಿಸಿದಂತೆ. ಪರಿಹಾರ ಸುಲಭ: ಷಟರ್‌ನ ಲಾಗ್ ಬೆಲೆಯನ್ನು 3ರಿಂದ ಗುಣಿಸಿ, ಹತ್ತಿರದ ಪೂರ್ಣಾಂಕಕ್ಕೆ ತಂದು, ಮತ್ತೆ 3ರಿಂದ ಭಾಗಿಸಿ. 1/60ರ ಲಾಗ್ −5.907, ಮೂರರಷ್ಟು −17.72, ಪೂರ್ಣಾಂಕ −18, ಭಾಗಿಸಿದರೆ −6. ಅದೇ 1/64.

ಎರಡನೆಯದು ಅಪರ್ಚರ್ ಮಿಣುಕು. ಎಫ್ 8ರಲ್ಲಿ ಪ್ರತಿ ಫೋಟೊಗೂ ಲೆನ್ಸಿನ ಬ್ಲೇಡುಗಳು ಮುಚ್ಚಿ ತೆರೆಯುತ್ತವೆ, ಪ್ರತಿಸಲ ಕರಾರುವಾಕ್ಕಾಗಿ ಅದೇ ಜಾಗಕ್ಕೆ ಬಂದು ನಿಲ್ಲುವುದಿಲ್ಲ. ಇದು ಎಕ್ಸಿಫ್‌ನಲ್ಲಿ ಕಾಣುವುದಿಲ್ಲ, ಚಿತ್ರದಿಂದಲೇ ಅಳೆಯಬೇಕು. ಹಾಗೆಂದು ಫ್ರೇಮಿನ ಸರಾಸರಿ ಬೇಡ. ಮೊದಲ ತಿದ್ದುಪಡಿ ಹಾಕಿದ ಲೀನಿಯರ್ (ಸಂಖ್ಯೆ ಬೆಳಕಿಗೆ ನೇರ ಅನುಪಾತದಲ್ಲಿರುವ) ಚಿತ್ರಗಳನ್ನು ಎಂಟನೇ ಒಂದರಷ್ಟಕ್ಕೆ ಕಿರಿದು ಮಾಡಿಕೊಂಡು, ಅಕ್ಕಪಕ್ಕದ ಎರಡು ಫ್ರೇಮುಗಳ ಹಸಿರು ಚಾನೆಲ್ಲನ್ನು ಪಿಕ್ಸೆಲ್‌ಗೆ ಪಿಕ್ಸೆಲ್ ಭಾಗಿಸಿ, ಲಾಗ್ ತೆಗೆದು, ಮೀಡಿಯನ್ (ಏರಿಕೆ ಕ್ರಮದಲ್ಲಿ ನಡುವಿನ ಬೆಲೆ) ಹಿಡಿಯಿರಿ. ತೀರಾ ಕಪ್ಪಾದ ಅಥವಾ ಸುಟ್ಟುಹೋದ ಪಿಕ್ಸೆಲ್ ಎರಡರಲ್ಲಿ ಒಂದು ಫ್ರೇಮಿನಲ್ಲಿದ್ದರೂ ಎರಡರಿಂದಲೂ ಬಿಡಿ. ಒಂದರಲ್ಲಿ ಮಾತ್ರ ಬಿಟ್ಟರೆ ಹೋಲಿಕೆಯೇ ತಪ್ಪುತ್ತದೆ. ಹತ್ತಾರು ದೀಪ ಹೊತ್ತಿದರೂ, ಕಾರೊಂದು ಹಾದುಹೋದರೂ ಮೀಡಿಯನ್ ಅಲುಗುವುದಿಲ್ಲ, ನಾನು ಇದನ್ನು ಆರಿಸಿಕೊಳ್ಳುವುದು ಅದಕ್ಕೇ. ಈ ಮೀಡಿಯನ್‌ಗಳನ್ನು ಒಂದರ ಮೇಲೊಂದು ಕೂಡುತ್ತ ಹೋದರೆ ಇಡೀ ಸರಣಿಯ ಬೆಳಕಿನ ರೇಖೆ ಬರುತ್ತದೆ. ಕೂಡುವಾಗ ಸಣ್ಣ ತಪ್ಪುಗಳೂ ಸೇರಿ ರೇಖೆ ನಿಧಾನವಾಗಿ ವಾಲಬಹುದು, ಚಿಂತೆಯಿಲ್ಲ. ಸ್ಮೂದಿಂಗ್ ಬೆಲೆಯಿಂದ ಕಳೆಯುವಾಗ ಆ ವಾಲಿಕೆ ಹೊರಟುಹೋಗುತ್ತದೆ. ಇಲ್ಲಿ ಸಿಗ್ಮಾ 3 ಸಾಕು. ಹೆಚ್ಚಿಸಿದರೆ ಮೋಡದ ನೆರಳು ಹಾಯುವ ನಿಜವಾದ ಏರಿಳಿತವೂ ಅಳಿಸಿ ಚಿತ್ರ ಜೀವ ಕಳೆದುಕೊಳ್ಳುತ್ತದೆ.

ಎರಡೂ ತಿದ್ದುಪಡಿ ಕೂಡಿಸಿ, ಮೂಲ ರಾ ಫೈಲಿನ ಮೇಲೆ ಒಂದೇ ಸಲ ಹಾಕಿ. ಲೀನಿಯರ್ ಬೆಲೆಯನ್ನು 2ರ ಆ ಘಾತದಿಂದ ಗುಣಿಸಿದರೆ ಆಯಿತು. 16 ಬಿಟ್ ಟಿಫ್ ಆಗಿ ಉಳಿಸಿ, 8 ಬಿಟ್ ಜೆಪೆಗ್ ಮೇಲೆ ಮಾಡಿದರೆ ಆಕಾಶದಲ್ಲಿ ಪಟ್ಟೆ ಏಳುತ್ತವೆ. ಸುಟ್ಟುಹೋದ ಸೂರ್ಯಬಿಂಬ ಇದ್ದರೆ 1ಕ್ಕಿಂತ ಕಡಿಮೆ ಗುಣಕ ಬಿದ್ದ ಫ್ರೇಮಿನಲ್ಲಿ ಅದು ಬೂದಿ ಬಣ್ಣಕ್ಕೆ ತಿರುಗಿ ತಾನೇ ಮಿಣುಕತೊಡಗುತ್ತದೆ. ಗರಿಷ್ಠ ಬೆಲೆಯ ಶೇ. 90ರಿಂದ ಮೇಲಕ್ಕೆ ಗುಣಕವನ್ನು ಮೆಲ್ಲಗೆ 1ರತ್ತ ಒಯ್ಯಿರಿ. ಸರಣಿಯ ಎರಡೂ ತುದಿಯಲ್ಲಿ ಸ್ಮೂದಿಂಗ್‌ಗೆ ಒಂದೇ ಕಡೆಯ ಫ್ರೇಮು ಸಿಗುವುದರಿಂದ ರೇಖೆ ಬಾಗುತ್ತದೆ, ಹಾಗಾಗಿ ಎರಡೂ ತುದಿಯಿಂದ ತಲಾ 20 ಫ್ರೇಮು ಕತ್ತರಿಸಿಬಿಡಿ.

ಮುಗಿದ ಮೇಲೆ ಮತ್ತೊಮ್ಮೆ ಅದೇ ಮೀಡಿಯನ್ ಅಳೆದು ನೋಡಿ. ಎಲ್ಲವೂ ಅಕ್ಕಪಕ್ಕದವುಗಳಿಂದ 0.03 ಸ್ಟಾಪ್‌ನೊಳಗೆ ಇದ್ದರೆ ಬಹುಮಟ್ಟಿಗೆ ಕಣ್ಣಿಗೆ ತಿಳಿಯುವುದಿಲ್ಲ. ಅಪರ್ಚರ್ ಪ್ರಯಾರಿಟಿಯಿಂದಾಗಿ ಕೊನೆಯ ಫ್ರೇಮೂ ಮಧ್ಯಾಹ್ನದಷ್ಟೇ ಬೆಳಗಿದ್ದರೆ, ಮೊದಲಿನಿಂದ ಕೊನೆಯವರೆಗೆ 0ದಿಂದ −1.5 ಸ್ಟಾಪ್‌ವರೆಗೆ ಇಳಿಯುವ ನೇರ ಇಳಿಜಾರೊಂದನ್ನು ತಿದ್ದುಪಡಿಗೆ ಕೂಡಿಸಿ, ಸಂಜೆ ಸಂಜೆಯಂತೆ ಕಾಣುತ್ತದೆ.

ಎಫ್‌ಎಫ್‌ಎಂಪೆಗ್‌ನ (ವಿಡಿಯೊ ಸಂಸ್ಕರಿಸುವ ತಂತ್ರಾಂಶ) ಡಿಫ್ಲಿಕರ್ ಫಿಲ್ಟರ್ ಬಗ್ಗೆಯೂ ಕೇಳಿದ್ದೀರಿ. ಅದು ತಾನಾಗಿ 5 ಫ್ರೇಮಿನ ಕಿಟಕಿ ಬಳಸುತ್ತದೆ, ನಿಮ್ಮ ಏಳೆಂಟು ಫ್ರೇಮಿನ ಮೆಟ್ಟಿಲಿಗೆ ಅದು ಸಾಲದು. 129ರವರೆಗೆ ಏರಿಸಬಹುದು, ಆದರೆ ಇಡೀ ಫ್ರೇಮಿನ ಸರಾಸರಿಯನ್ನೇ ನೋಡುವುದರಿಂದ ದೀಪ ಹೊತ್ತುವಲ್ಲಿ ನಿಮ್ಮ ಹಳೆಯ ತೊಂದರೆ ಮರಳುತ್ತದೆ. ಎರಡನೆಯ ಮಿಣುಕಿಗಷ್ಟೇ ಬಳಸಿದರೆ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ.

ಮುಂದಿನ ಸಲ ಮ್ಯಾನುಯಲ್ ಮೋಡ್, ವೈಟ್ ಬ್ಯಾಲೆನ್ಸ್ ಡೇಲೈಟ್‌ಗೆ ಸ್ಥಿರ, ಅಪರ್ಚರ್ ಪೂರ್ತಿ ತೆರೆದದ್ದು ಅಥವಾ ಕೈಯಿಂದ ತಿರುಗಿಸುವ ರಿಂಗ್ ಇರುವ ಹಳೆಯ ಲೆನ್ಸು. ಬ್ಲೇಡು ಅಲುಗದಿದ್ದರೆ ಎರಡನೆಯ ಹಂತವೇ ಬೇಕಾಗುವುದಿಲ್ಲ. ಫ್ರೇಮಿನಲ್ಲಿ ಟ್ಯೂಬ್‌ಲೈಟೋ ಎಲ್‌ಇಡಿಯೋ ದೊಡ್ಡದಾಗಿ ಬಂದರೆ ಷಟರ್ 1/100, 1/50 ಅಥವಾ 1/25 ಇಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಅವು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಅದಕ್ಕೆ ಹೊಂದದ ಷಟರ್‌ನಿಂದ ಎದ್ದ ಅಡ್ಡಪಟ್ಟೆಯನ್ನು ಫ್ರೇಮಿಗೊಂದು ಗುಣಕದಿಂದ ತೆಗೆಯಲು ಆಗುವುದಿಲ್ಲ.