ಗುಡುಗುಮೋಡ ಬಂದರೂ ಬೆಂಕಿಯ ಭಯವೇಕೆ?

ಮಾನ್ಯರೇ,

ಅಮೆರಿಕದ ಪಶ್ಚಿಮ ಭಾಗದ ಕಾಳ್ಗಿಚ್ಚಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಅಲ್ಲಿನ ಹವಾಮಾನ ಇಲಾಖೆ ಗುಡುಗುಮಳೆಯ ಮುನ್ಸೂಚನೆಯನ್ನೂ ‘ರೆಡ್ ಫ್ಲ್ಯಾಗ್’ ಎಂಬ ಬೆಂಕಿಯ ಎಚ್ಚರಿಕೆಯನ್ನೂ ಒಂದೇ ದಿನ ಕೊಡುವುದು ತಮಗೆ ವಿಚಿತ್ರವೆನಿಸಿದೆ. ಮಳೆ ಬಂದರೆ ಬೆಂಕಿ ಆರಬೇಕಲ್ಲವೇ ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ.

ಮಳೆ ಮೋಡದಿಂದ ಹೊರಟರೆ ಸಾಲದು, ನೆಲ ಮುಟ್ಟಬೇಕು. ರಾಕಿ ಪರ್ವತಗಳ ಸೀಮೆಯಲ್ಲಿ ಬೇಸಿಗೆಯ ಕೊನೆಗೆ, ಅಂದರೆ ಆಗಸ್ಟ್ ಹೊತ್ತಿಗೆ, ಮೋಡದ ತಳ ನೆಲದಿಂದ ಎರಡು ಮೂರು ಕಿಲೋಮೀಟರ್ ಮೇಲಿರುವುದುಂಟು. ಕೆಳಗಿನ ಗಾಳಿ ಬಿಸಿಯಾಗಿ ಒಣಗಿರುವುದರಿಂದ ಹನಿಗಳು ದಾರಿಯಲ್ಲೇ ಆವಿಯಾಗುತ್ತವೆ. ಮೋಡದಿಂದ ಇಳಿಬಿದ್ದ ಬೂದುಬಣ್ಣದ ಎಳೆಗಳು ನೆಲಕ್ಕಿಂತ ಎಷ್ಟೋ ಮೇಲೆಯೇ ಕರಗಿಹೋಗುವುದು ದೂರದಿಂದ ಚೆನ್ನಾಗಿ ಕಾಣುತ್ತದೆ. ಸಿಡಿಲಿಗೆ ಈ ಅಡ್ಡಿಯಿಲ್ಲ. 2020ರ ಆಗಸ್ಟ್ ನಡುವೆ ಕ್ಯಾಲಿಫೋರ್ನಿಯಾದಲ್ಲಿ ಇಂಥ ಒಣ ಗುಡುಗುಮೋಡಗಳು ಕೆಲವೇ ದಿನಗಳಲ್ಲಿ ನೂರಾರು ಕಡೆ ಬೆಂಕಿ ಹಚ್ಚಿದವು. ಅವುಗಳಲ್ಲಿ ಕೆಲವು ಕೂಡಿ ಬೆಳೆದ ‘ಆಗಸ್ಟ್ ಕಾಂಪ್ಲೆಕ್ಸ್’ ಹತ್ತು ಲಕ್ಷ ಎಕರೆಗೂ ಹೆಚ್ಚು ಪ್ರದೇಶವನ್ನು ಸುಟ್ಟಿತು.

ಆದರೂ ಸಿಡಿಲಿಗಿಂತ ಗಾಳಿಗೇ ಹೆಚ್ಚು ಅಂಜಬೇಕೆಂದು ನನ್ನ ಎಣಿಕೆ. ಆವಿಯಾಗುವ ಹನಿ ಸುತ್ತಲಿನ ಗಾಳಿಯ ಶಾಖವನ್ನು ಹೀರುತ್ತದೆ. ಹಾಗೆ ತಣಿದು ಭಾರವಾದ ಗಾಳಿ ಕೆಳಕ್ಕೆ ಕುಸಿದು, ನೆಲಕ್ಕೆ ಅಪ್ಪಳಿಸಿ, ಎಲ್ಲ ದಿಕ್ಕಿಗೂ ನುಗ್ಗುತ್ತದೆ. ಅದರ ವೇಗ ಗಂಟೆಗೆ 80–100 ಕಿ.ಮೀ. ಮುಟ್ಟಬಹುದು, ಮೋಡದಿಂದ ಹತ್ತಾರು ಕಿಲೋಮೀಟರ್ ಆಚೆಗೂ ಅದು ಸಾಗಬಹುದು. ಮಳೆಯನ್ನು ನುಂಗಿದ ಒಣಹವೆಯೇ ಬಿರುಗಾಳಿಯನ್ನೂ ಎಬ್ಬಿಸುತ್ತದೆಂದ ಮೇಲೆ ಆ ಎರಡು ಸೂಚನೆಗಳು ಜೊತೆಯಾಗಿ ಬರುವುದರಲ್ಲಿ ವಿರೋಧವೇನೂ ಇಲ್ಲ. ಅರಿಜೋನಾದ ಯಾರ್ನೆಲ್ ಹಿಲ್‌ನಲ್ಲಿ 2013ರ ಜೂನ್ 28ರಂದು ಸಿಡಿಲಿನಿಂದ ಹೊತ್ತಿಕೊಂಡ ಬೆಂಕಿ, ಎರಡು ದಿನಗಳ ನಂತರ ಗುಡುಗುಮೋಡದ ಇಂಥ ಗಾಳಿಗೆ ಸಿಕ್ಕಿ ದಿಕ್ಕು ಬದಲಿಸಿತು. ಅದನ್ನು ನಂದಿಸಲು ಹೋಗಿದ್ದ 19 ಮಂದಿ ಅಗ್ನಿಶಾಮಕರು ಸುತ್ತುವರಿದ ಜ್ವಾಲೆಗೆ ಬಲಿಯಾದರು. ಗಾಳಿ ಹೊರಳಿದಾಗ ಅದುವರೆಗೆ ನಿಧಾನವಾಗಿ ಉರಿಯುತ್ತಿದ್ದ ಪಕ್ಕದ ಅಂಚೇ ಬೆಂಕಿಯ ಮುಂಚೂಣಿಯಾಗಿಬಿಡುತ್ತದೆ.

ಬೆಟ್ಟಕ್ಕೂ ಬಯಲಿಗೂ ಅಪಾಯದ ಬಗೆ ಬೇರೆ. ಮಧ್ಯಾಹ್ನದ ಬಿಸಿಲಿಗೆ ಕಾದ ಇಳಿಜಾರುಗಳ ಮೇಲೆ ಮೊದಲು ಮೋಡ ಕಟ್ಟುತ್ತದೆ. ಸಿಡಿಲು ಬಡಿದ ಮರದ ಬುಡದಲ್ಲಿ ಕೆಂಡ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ, ಹೊಗೆಯನ್ನೂ ತೋರದೆ ಅಡಗಿದ್ದು ಗಾಳಿ ಎದ್ದ ದಿನ ಹೊರಬರುತ್ತದೆ. ಬಂದ ಬೆಂಕಿ ಏರಿನಲ್ಲಿ ಇನ್ನೂ ವೇಗವಾಗಿ ಓಡುತ್ತದೆ. ಸಂಜೆಗೆ ಮೋಡಗಳು ಪೂರ್ವದ ಬಯಲಿಗೆ ಸರಿಯುತ್ತವೆ. ಅಲ್ಲಿರುವುದು ಹುಲ್ಲು. ತೆಳ್ಳನೆಯ ಒಣಹುಲ್ಲು ಹನಿಮಳೆಗೆ ನೆನೆದರೂ ಬಿಸಿಲುಗಾಳಿಗೆ ಒಂದೆರಡು ಗಂಟೆಯಲ್ಲಿ ಮತ್ತೆ ಹೊತ್ತಿಕೊಳ್ಳುವಂತಾಗುತ್ತದೆ. ಬೇಸಿಗೆಯುದ್ದಕ್ಕೂ ಒಣಗಿದ ಬೆಟ್ಟದ ದಪ್ಪ ದಿಮ್ಮಿಗಳಿಗಂತೂ ಅಷ್ಟು ಮಳೆ ಮೇಲುಮೇಲಿನ ತೇವವಷ್ಟೇ.

ಎಚ್ಚರಿಕೆ ಬಂದಿತೆಂದರೆ ಬೆಂಕಿ ಬಿದ್ದಿದೆಯೆಂದಲ್ಲ, ಬಿದ್ದರೆ ಹಿಡಿತಕ್ಕೆ ಸಿಗದು ಎಂದರ್ಥ. ಅದಕ್ಕೆಂದೇ ಆ ದಿನ ಬಯಲಿನಲ್ಲಿ ಕಸ ಸುಡಬಾರದು, ವೆಲ್ಡಿಂಗ್ ಮಾಡಬಾರದು, ಒಣಹುಲ್ಲಿನ ಮೇಲೆ ವಾಹನ ನಿಲ್ಲಿಸಬಾರದು ಎನ್ನುತ್ತಾರೆ. ‘ಮೋಡ ಕವಿದಿದೆ, ಇನ್ನೇನು ಮಳೆ ಬರುತ್ತದೆ’ ಎಂದು ಯಾರೂ ಕಸಕ್ಕೆ ಕಡ್ಡಿ ಗೀರಬಾರದೆಂಬುದೇ ಆ ಇಲಾಖೆಯ ಆತಂಕ.

— ಸಂಪಾದಕ