ಡೈಪರ್ ಕಲೆಗೆ ಬಿಸಿನೀರು ಹಾಕ್ತಿದ್ದೀರಾ? ಮೊದ್ಲು ಅದನ್ನ ನಿಲ್ಸಿ

ಪ್ರಶ್ನೆ: ಮೇಡಂ ನಮಸ್ಕಾರ, ನಾವಿರೋದು ಡೊಂಬಿವಲಿಲಿ. ಮಗೂಗೆ ಏಳು ತಿಂಗಳು, ಬಟ್ಟೆ ಡೈಪರೇ ಹಾಕೋದು. ಮಳೆ ಶುರುವಾದಾಗಿಂದ ಹಳದಿ ಕಲೆ ಹೋಗ್ತಾನೇ ಇಲ್ಲ, ಕೆಲವು ಇನ್ಸರ್ಟ್ (ಡೈಪರ್ ಒಳಗಿಡೋ ಹೀರೋ ಬಟ್ಟೆ ಪ್ಯಾಡ್) ಮೇಲೆ ಉದ್ದಕ್ಕೆ ಕಂದು ಗೆರೆ ಬೇರೆ ಬಂದಿದೆ. ಕುದಿಯೋ ನೀರಲ್ಲಿ ನೆನೆಸಿದ್ದಾಯ್ತು, ಬ್ರಷ್‌ನಲ್ಲಿ ಉಜ್ಜಿದ್ದಾಯ್ತು, ಕಂಡಿಷನರೂ ಹಾಕ್ತೀನಿ. ನಮ್ಮತ್ತೆ ಇಂಥ ಬಟ್ಟೆ ಮಗೂಗೆ ಹಾಕ್ಬೇಡ ಅಂತಾರೆ. ಏನ್ ಮಾಡ್ಲಿ?

ಉತ್ತರ: ಕುದಿಯೋ ನೀರೇ ನಿಮ್ಮ ಕಲೆನ ಗಟ್ಟಿ ಮಾಡ್ತಿರೋದು ನೋಡಿ. ಮಲದಲ್ಲಿ ಪ್ರೋಟೀನ್ ಇರುತ್ತೆ, ಬಿಸಿ ತಾಗಿದ ತಕ್ಷಣ ಅದು ದಾರಕ್ಕೆ ಕಚ್ಕೊಂಡುಬಿಡುತ್ತೆ. ಘನ ಆಹಾರ ಶುರು ಮಾಡಿರ್ತೀರಲ್ವಾ, ಹಾಗಾಗಿ ಡೈಪರ್ ಬಿಚ್ಚಿದ ತಕ್ಷಣ ಗಟ್ಟಿ ಇರೋದನ್ನ ಕಮೋಡ್‌ಗೆ ಹಾಕಿ, ಜೆಟ್ ಸ್ಪ್ರೇಯಿಂದ ತಣ್ಣೀರು ಬಿಟ್ಟು ನೀರು ತಿಳಿಯಾಗೋವರೆಗೂ ತೊಳೀರಿ, ಆಮೇಲೆ ಬೇಕಾದ್ರೆ ಮಷೀನ್‌ನಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಿ, ಪರವಾಗಿಲ್ಲ. ಸಂಜೆ ನೋಡ್ಕೊಳ್ಳೋಣ ಅಂತ ಬಕೆಟ್‌ನಲ್ಲಿ ಬಿಟ್ರೆ ಅರ್ಧ ಕೆಲಸ ಕೆಟ್ಟ ಹಾಗೆ.

ಆ ಹಳದಿ ಬರೋದು ಪಿತ್ತದ ಬಣ್ಣದಿಂದ. ಅದನ್ನ ತೆಗೆಯೋಕೆ ಬಿಸಿಲಿನಷ್ಟು ಒಳ್ಳೇದು ಯಾವ ಪೌಡರೂ ಇಲ್ಲ, ಆದ್ರೆ ಇನ್ಸರ್ಟ್ ಒದ್ದೆ ಇರುವಾಗ್ಲೇ ಕಲೆ ಇರೋ ಕಡೆ ಮೇಲೆ ಮಾಡಿ ಹರಡ್ಬೇಕು, ಒಣಗಿದ್ದನ್ನ ಬಿಸಿಲಿಗಿಟ್ರೆ ಅಷ್ಟೊಂದು ಹೋಗಲ್ಲ. ಜುಲೈನಲ್ಲಿ ಡೊಂಬಿವಲಿಲಿ ಬಿಸಿಲು ಎಲ್ಲಿಂದ ತರೋಣ ಅಂತೀರಾ? ಮೋಡದ ಬೆಳಕಲ್ಲೂ ಕೆಲಸ ಆಗುತ್ತೆ, ನಿಧಾನ ಅಷ್ಟೇ. ಕಿಟಕಿ ಪಕ್ಕ ಬೆಳಕು ಬೀಳೋ ಕಡೆ ಹಾಕಿ. ಹೊರಗೆ ಮಳೆ ಹೊಡೀತಿದ್ರೆ ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ, ಯಾಕಂದ್ರೆ ಕಲೆಗಿಂತ ಹಸಿ ಬಟ್ಟೆಯಿಂದಾನೇ ಮಗೂಗೆ ತೊಂದ್ರೆ ಜಾಸ್ತಿ. ಇಸ್ತ್ರಿ ಮಾತ್ರ ಬೇಡ, ಉಳಿದ ಕಲೆ ಅಲ್ಲೇ ಕೂತ್ಕೊಳ್ಳುತ್ತೆ.

ಕಾಯೋಕಾಗಲ್ಲ ಅಂದ್ರೆ ವ್ಯಾನಿಷ್ ಥರದ ಆಕ್ಸಿಜನ್ ಬ್ಲೀಚ್ ಪೌಡರ್ ಬೆಚ್ಚಗಿನ ನೀರಲ್ಲಿ ಕರಗಿಸಿ, ಪೊಟ್ಟಣದ ಮೇಲೆ ಬರೆದಷ್ಟೇ ಅಳತೆ, ಬರೀ ಇನ್ಸರ್ಟ್ ನೆನೆಸಿ ಆಮೇಲೆ ಚೆನ್ನಾಗಿ ಜಾಲಿಸಿ. ಕ್ಲೋರಿನ್ ಬ್ಲೀಚ್ ಮುಟ್ಟಬೇಡಿ, ಇಲಾಸ್ಟಿಕ್ಕೂ ಕವರಿನ ಒಳಗಿನ ವಾಟರ್‌ಪ್ರೂಫ್ ಪದರಾನೂ ಹಾಳಾಗುತ್ತೆ.

ಇನ್ನು ಆ ಕಂದು ಗೆರೆ. ನೀವು ಇನ್ಸರ್ಟನ್ನ ಕಿಟಕಿ ಗ್ರಿಲ್ ಮೇಲೇ ಹಾಕ್ತಿದ್ದೀರಾ ಅಂತ ನನ್ನ ಅನುಮಾನ. ಮುಂಬೈ ಕಡೆ ಮಳೆಗಾಲದಲ್ಲಿ ಪೇಂಟ್ ಹೋಗಿರೋ ಸರಳಿನ ಮೇಲೆ ಒದ್ದೆ ಬಟ್ಟೆ ಒಂದು ರಾತ್ರಿ ಇದ್ರೆ ಸಾಕು, ಸರಳಿನ ಅಗಲಕ್ಕೆ ಸರಿಯಾಗಿ ತುಕ್ಕಿನ ಗೆರೆ ಬೀಳುತ್ತೆ. ಗೆರೆಗಳ ಮಧ್ಯದ ಅಂತರ ಗ್ರಿಲ್ ಸರಳಿಗೆ ಹೊಂದುತ್ತಾ ನೋಡಿ. ಹೊಂದಿದ್ರೆ ಅದು ಮಲದ ಕಲೆ ಅಲ್ವೇ ಅಲ್ಲ, ಸೋಪು ಬ್ಲೀಚು ಯಾವುದಕ್ಕೂ ಜಗ್ಗಲ್ಲ. ನಿಂಬೆರಸ ಉಪ್ಪು ಸೇರಿಸಿ ಗೆರೆ ಮೇಲೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೀರಿ, ಎರಡು ಮೂರು ಸಲ ಮಾಡ್ಬೇಕಾಗ್ಬಹುದು. ನಾಳೆಯಿಂದ ನೈಲಾನ್ ಹಗ್ಗ ಕಟ್ಟಿ.

ಕಂಡಿಷನರ್ ಇವತ್ತೇ ಬಿಡಿ. ಬಟ್ಟೆ ಮೆತ್ತಗಾಗುತ್ತೆ ನಿಜ, ಆದ್ರೆ ಅದರ ಪದರ ಕೂತು ಇನ್ಸರ್ಟ್ ನೀರು ಹೀರೋದೇ ಕಮ್ಮಿ ಆಗಿ ಪಕ್ಕದಿಂದ ಸೋರೋಕೆ ಶುರುವಾಗುತ್ತೆ. ಬ್ರಷ್ಷೂ ಬೇಡ, ನೂಲು ಎದ್ದು ಕಲೆ ಇನ್ನೂ ಒಳಗೆ ಹೋಗುತ್ತೆ. ಡೈಪರ್ ಕ್ರೀಂ ಹಚ್ಚೋದಿದ್ರೆ ಇನ್ಸರ್ಟ್ ಮೇಲೆ ಒಂದು ಹಳೇ ಮಲ್‌ಮಲ್ ತುಂಡು ಹಾಕಿ, ಜಿಂಕ್ ಇರೋ ಕ್ರೀಂ ಬಟ್ಟೆಗೆ ಅಂಟಿದ್ರೆ ಬಿಡಿಸೋದು ಕಷ್ಟ. ಆ ತುಂಡು ಇದ್ರೆ ಕಲೆನೂ ಅದಕ್ಕೇ ಆಗುತ್ತೆ, ಇನ್ಸರ್ಟ್ ಬಚಾವ್.

ಅತ್ತೆಯವರಿಗೆ ಒಂದು ಮಾತು ಹೇಳಿ: ಸೋಪಿನಲ್ಲಿ ಚೆನ್ನಾಗಿ ಒಗೆದು ಒಣಗಿಸಿದ ಮೇಲೆ ಉಳಿಯೋ ಹಳದಿ ಬರೀ ಬಣ್ಣ, ಕೊಳೆ ಅಲ್ಲ. ಅವರು ಮೂಗಿನ ಹತ್ರ ಹಿಡಿದು ನೋಡ್ಲಿ. ಒಣಗಿದ ಮೇಲೂ ನಾತ ಬಂದ್ರೆ ಮಾತ್ರ ಸರಿಯಾಗಿ ಒಗೆದಿಲ್ಲ ಅಂತ, ಆಗ ಸೋಪು ಸರಿಯಾಗಿ ಹಾಕಿ ಇನ್ನೊಂದು ಸಲ ಒಗೀರಿ.