ಚಿಲ್ಡ್ರನ್ನಾ, ಚಿಲ್ಡ್ರನ್ಸಾ?

ಪ್ರ: ಮಗಳ ಸ್ಕೂಲ್ ವಾಟ್ಸಾಪ್ ಗ್ರೂಪಲ್ಲಿ 'ಆಲ್ ಚಿಲ್ಡ್ರನ್ಸ್ ಆರ್ ಹ್ಯಾಪಿ' ಅಂತ ಹಾಕಿದ್ದೆ, ಒಬ್ಬರು ಎಲ್ಲರ ಮುಂದೇನೇ ತಿದ್ದಿದ್ರು. 'ಚಿಲ್ಡ್ರನ್ಸ್ ಡೇ' ಅಂತಾರಲ್ಲ ಸಾರ್, ಅದು ಹೆಂಗೆ ಸರಿ? ಚೈಲ್ಡ್ಸ್ ಅಂತಾನೇ ಇಟ್ಟಿದ್ರೆ ಏನಾಗ್ತಿತ್ತು?
– ಓದುಗರೊಬ್ಬರು, ಶಿವಮೊಗ್ಗ

ಉ: ಚಿಲ್ಡ್ರನ್ಸ್ ಡೇ ಅನ್ನೋದ್ರಲ್ಲಿರೋ 'ಸ್' ಬಹುವಚನದ್ದಲ್ಲಮ್ಮ, ಅದು 'ಮಕ್ಕಳ' ದಿನ ಅನ್ನೋ ಷಷ್ಠಿ ವಿಭಕ್ತಿ, ಅದಕ್ಕೇ ಅಲ್ಲಿ ಅಪಾಸ್ಟ್ರಫಿ ಹಾಕ್ತಾರೆ. ಚಿಲ್ಡ್ರನ್ ಆಗ್ಲೇ ಬಹುವಚನ, ನಿಜ ಹೇಳ್ಬೇಕಂದ್ರೆ ಎರಡು ಸಲ ಬಹುವಚನ! ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ ಬಹುವಚನಕ್ಕೆ 'ಸ್' ಒಂದೇ ದಾರಿ ಆಗಿರಲಿಲ್ಲ, ಕೆಲವಕ್ಕೆ ಕೊನೇಲಿ 'ನ್' ಬರ್ತಿತ್ತು (ಆಕ್ಸ್, ಆಕ್ಸನ್ ಇವತ್ತಿಗೂ ಉಳ್ಕೊಂಡಿದೆ), ಕೆಲವಕ್ಕೆ ಒಳಗಿನ ಸ್ವರಾನೇ ಬದಲಾಗೋದು, ಫುಟ್ ಹೋಗಿ ಫೀಟ್, ಮೌಸ್ ಹೋಗಿ ಮೈಸ್, ಇನ್ನು ಚೈಲ್ಡ್‌ಗೆ 'ರು' ಸೇರಿ ಚಿಲ್ಡ್ರು ಆಗ್ತಿತ್ತು. ನಮ್ಮ ಹುಡುಗರು ಥರಾನೇ ಕೇಳ್ಸುತ್ತೆ, ಆದ್ರೆ ಸಂಬಂಧ ಏನೂ ಇಲ್ಲ, ಕಾಕತಾಳೀಯ ಅಷ್ಟೆ. ಆಮೇಲೆ ಅದು ಚಿಲ್ಡರ್ ಆಯ್ತು, ಆ 'ರ್' ಬಹುವಚನ ಅಂತ ಜನಕ್ಕೆ ಅನ್ನಿಸೋದೇ ನಿಂತೋಯ್ತು, ಮೇಲಿಂದ ಇನ್ನೊಂದು 'ನ್' ಅಂಟಿಸಿದ್ರು. ನಾವು 'ಅವರು' ಸಾಲ್ದು ಅಂತ 'ಅವರುಗಳು' ಅನ್ನಲ್ವಾ, ಹಂಗೇ.

ಇದೇ ಥರ ಮೊಟ್ಟೆಗೂ 'ಎಯ್ರೆನ್' ಅನ್ನೋ ಬಹುವಚನ ಇತ್ತು. ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್ಟನ್ 1490ರ ಒಂದು ಮುನ್ನುಡೀಲಿ ಒಂದು ಪ್ರಸಂಗ ಬರೀತಾನೆ: ಥೇಮ್ಸ್ ನದಿಯಿಂದ ಹಡಗಲ್ಲಿ ಹೊರಟ ವ್ಯಾಪಾರಿಗಳು ಗಾಳಿ ಇಲ್ದೆ ದಡಕ್ಕಿಳಿದು ಒಂದು ಮನೇಲಿ ಊಟ ಕೇಳ್ತಾರೆ, ಒಬ್ಬ 'ಎಗ್ಗೆಸ್' ಕೊಡಿ ಅಂತಾನೆ, ಆಯಮ್ಮ ನಂಗೆ ಫ್ರೆಂಚ್ ಬರಲ್ಲಪ್ಪ ಅಂತಾಳೆ, ಅವನಿಗೋ ಸಿಟ್ಟು, ಯಾಕಂದ್ರೆ ಅವನಿಗೂ ಫ್ರೆಂಚ್ ಬರಲ್ಲ! ಕೊನೆಗೆ ಇನ್ನೊಬ್ಬ 'ಎಯ್ರೆನ್' ಅಂದ್ಮೇಲೆ ಆಯಮ್ಮಂಗೆ ಅರ್ಥ ಆಯ್ತು. ಮುಂದೆ ಎಗ್ಸ್ ಗೆಲ್ತು, ಎಯ್ರೆನ್ ಸತ್ತೋಯ್ತು, ಚಿಲ್ಡ್ರನ್ ಮಾತ್ರ ದಿನಾ ಬಾಯಲ್ಲಿರೋ ಪದ ಆಗಿದ್ರಿಂದ ಬಚಾವಾಯ್ತು. ನಿಮ್ಮನ್ನ ತಿದ್ದಿದೋರಿಗೆ ಇದನ್ನ ಫಾರ್ವರ್ಡ್ ಮಾಡಿ.

ಪ್ರ: 'ಒನ್ ಆಫ್ ಮೈ ಫ್ರೆಂಡ್' ತಪ್ಪಂತೆ. ಒಬ್ಬನೇ ತಾನೇ ಸಾರ್ ಇರೋದು?
– ಡಿಗ್ರಿ ವಿದ್ಯಾರ್ಥಿ, ಗದಗ

ಉ: ಒಬ್ಬ ಸರಿ, ಆದ್ರೆ ಯಾರಲ್ಲಿ ಒಬ್ಬ? ಫ್ರೆಂಡ್ಸಲ್ಲಿ. ಅದಕ್ಕೇ ಒನ್ ಆಫ್ ಮೈ ಫ್ರೆಂಡ್ಸ್, ಆದ್ರೆ ಕ್ರಿಯಾಪದ ಆ ಒಬ್ಬನಿಗೆ ಸೇರಿದ್ದು, 'ಈಸ್' ಹಾಕಿ. ಕನ್ನಡದಲ್ಲಿ ನಾವು 'ನನ್ನ ಫ್ರೆಂಡೊಬ್ಬ' ಅಂದು ಮುಗಿಸ್ತೀವಿ ನೋಡಿ, ಆ ರೂಢಿ ಇಲ್ಲಿ ಕಾಲಿಗೆ ತೊಡರುತ್ತೆ. ಅಂಗಡೀಲಿ 'ಹತ್ತು ತೆಂಗಿನಕಾಯಿ ಕೊಡಿ' ಅಂತೀವೇ ಹೊರತು ಯಾರೂ ಕಾಯಿಗಳು ಅನ್ನಲ್ಲ, ಸಂಖ್ಯೆ ಹೇಳಿದ್ಮೇಲೆ ನಮಗೆ 'ಗಳು' ದಂಡ. ಇಂಗ್ಲಿಷಲ್ಲಿ ಟೆನ್ ಅಂದಮೇಲೂ ಕೋಕೊನಟ್ಸ್ ಅನ್ಲೇಬೇಕು. ಇದು ದಡ್ಡತನ ಅಲ್ಲ, ಮಾತೃಭಾಷೆ ಅಭ್ಯಾಸ, ಮೇಷ್ಟ್ರುಗಳು ಬೈಯೋ ಬದ್ಲು ಇದನ್ನ ಹೇಳಿಕೊಟ್ರೆ ಬೇಗ ಹೋಗುತ್ತೆ.

ಪ್ರ: ಅಂಗಡಿ ಬೋರ್ಡಲ್ಲಿ ಫರ್ನಿಚರ್ಸ್ ಅಂತ ಇರುತ್ತೆ, ಸರೀನಾ?
– ಓದುಗರು, ತುಮಕೂರು

ಉ: ಅಲ್ಲ. ಫರ್ನಿಚರ್, ಲಗೇಜ್, ಇನ್ಫರ್ಮೇಶನ್, ಅಡ್ವೈಸ್ ಇವಕ್ಕೆ 'ಸ್' ಬೇಡ. ಮಂಚ ನಾಲ್ಕಿರಲಿ ನಲವತ್ತಿರಲಿ, ಫರ್ನಿಚರ್ರೇ. ಎಣಿಸಲೇಬೇಕಂದ್ರೆ ಪೀಸಸ್ ಆಫ್ ಫರ್ನಿಚರ್.

ಪ್ರ: ಪೊಲೀಸ್ ಈಸ್ ಕಮಿಂಗ್, ಆರ್ ಕಮಿಂಗ್?
– ಓದುಗರು, ಮಂಡ್ಯ

ಉ: ಆರ್. ಬರ್ತಿರೋದು ಒಬ್ಬರೇ ಆದ್ರೆ ಪೊಲೀಸ್‌ಮ್ಯಾನ್ ಅಥವಾ ಪೊಲೀಸ್ ಆಫೀಸರ್ ಅನ್ನಿ, ಆಗ ಈಸ್. ನ್ಯೂಸ್ ಇದರ ಉಲ್ಟಾ, ಕೊನೇಲಿ 'ಸ್' ಇದ್ರೂ ಏಕವಚನ, 'ನ್ಯೂಸ್ ಈಸ್' ಅಂತಾನೇ ಬರೀಬೇಕು.